ಹೆಸರಿಲ್ಲದ ಕಾಗದದ ಮೊದಲ ಸಾಲು

ನಾನು ಅಟ್ಟ ಹತ್ತಿದ ಕೂಡಲೇ ಕಾಡಸಿದ್ದಪ್ಪ ಏಣಿ ತೆಗೆದ.

ಆಮೇಲೆ ಕೆಳಗೆ ತೆಂಗಿನಕಾಯಿ ಮಟ್ಟೆಗೆ ಬೆಂಕಿ ಇಟ್ಟ.

ಉರಿಯುವ ಬೆಂಕಿಯಲ್ಲ, ಹೊಗೆಯಾಡುವ ಬೆಂಕಿ. ತಿಪಟೂರಿನಲ್ಲಿ ಅಟ್ಟದ ಮೇಲೆ ಕಾಯಿ ಕೂಡಿಟ್ಟು ಕೊಬ್ಬರಿ ಮಾಡುವವರಿಗೆ ಹೊಗೆ ಎಬ್ಬಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಾಯಿ ಕೊಬ್ಬರಿಯಾಗಲು ಹನ್ನೊಂದು ತಿಂಗಳು ಬೇಕು. ನನಗೆ ಹನ್ನೊಂದು ನಿಮಿಷ ಸಾಕಿತ್ತು.

"ಸಾಬ, ಉಸಿರೈತೇನ್ಲಾ?" ಕೆಳಗಿನಿಂದ ದನಿ ಬಂತು.

"ಸದ್ಯಕ್ಕೈತೆ."

"ಹಾಳೆ ಸಿಕ್ತಾ?"

"ಸಿಕ್ತು."

ಹಾಳೆ ಅಟ್ಟದಲ್ಲಿದೆ, ನೀನೇ ಹತ್ತಿ ತಗೋ ಅಂದಿದ್ದ. ಸುಳ್ಳು ಹೇಳಿರಲಿಲ್ಲ. ತೊಲೆಯ ಸಂದಿಯಲ್ಲಿ ನಾಲ್ಕು ಮಡಿಕೆಯಾಗಿ ಇತ್ತು. ತೆಗೆದು ಅಂಗಿಯೊಳಗೆ ಇಟ್ಟುಕೊಂಡೆ.

"ಇಟ್ಕೋ. ಅದರ ಕೆಲ್ಸ ಮುಗೀತು" ಅಂದ. "ಹನ್ನೊಂದು ಹೊಡೀಲಿ, ಏಣಿ ಇಡ್ತೀನಿ."

"ಹನ್ನೊಂದಕ್ಕೆ ಏನೈತೆ?"

"ತುರುವೇಕೆರೆ ಪೋಸ್ಟ್‌ಮ್ಯಾನ್ ಕಾಗದ ಹಂಚಕ್ಕೆ ಬೀಟಿಗೆ ಹೊರಡ್ತಾನೆ. ಗಂಡಿನ ಮನೆಗೆ ಕಾಗದ ನೆನ್ನೆ ಸಂಜೇನೇ ಡಬ್ಬಕ್ಕೆ ಹಾಕಿದ್ದೀನಿ ಕಣ್ಲಾ. ಎಲ್ಲಾ ಬರ್ದಿದ್ದೀನಿ. ತಾರೀಖು ಸಮೇತ."

ಗಡಿಯಾರ ನೋಡಿಕೊಂಡೆ. ಹತ್ತು ಗಂಟೆ ಐದು ನಿಮಿಷ.

"ಅಷ್ಟೊತ್ತು ಉಸಿರು ಬರಲ್ಲ."

"ಬಂದಷ್ಟು ಬರ್ಲಿ ಬುಡು."

ನನ್ನ ಹೆಸರು ನೂರ್ ಅಹಮದ್. ಮೊದಲು ವಿಮೆಯವರಿಗಾಗಿ ಸುಳ್ಳು ಕ್ಲೇಮು ಪತ್ತೆ ಮಾಡುತ್ತಿದ್ದೆ. ಈಗ ಪೊಲೀಸರನ್ನು ಕರೆಯಲು ಆಗದವರು ನನ್ನನ್ನು ಕರೆಯುತ್ತಾರೆ. ಆ ಸೋಮವಾರ ಕರೆದವರು ಕಾಯಿಪುಡಿ ಮಿಲ್ಲಿನ ಮ್ಯಾನೇಜರ್ ಮರುಳಸಿದ್ದಯ್ಯ. 1981ರ ಮಾರ್ಚ್ ತಿಂಗಳು.

ಅವರ ಮೇಜಿನ ಮೇಲೆ ಒಂದು ಕಾಗದವಿತ್ತು. ಪ್ಯಾಕಿಂಗ್ ವಿಭಾಗದ ಗಿರಿಜಾಂಬಿಕಾ ತಂದುಕೊಟ್ಟದ್ದು. ಅವಳ ಮನೆ ಬಾಗಿಲ ಸಂದಿಯಲ್ಲಿ ಯಾರೋ ತೂರಿಸಿ ಹೋಗಿದ್ದರು.

ಅವಳಿಗೆ ತುರುವೇಕೆರೆಯ ಹುಡುಗನೊಬ್ಬನನ್ನು ಗೊತ್ತುಮಾಡಿದ್ದರು. ಶುಕ್ರವಾರ ನಿಶ್ಚಿತಾರ್ಥ. ಈ ಸಂಬಂಧ ಬಿಡು, ಇಲ್ಲದಿದ್ದರೆ ನಿನ್ನ ಎದೆಯ ಕಾಯಿಲೆ ಗಂಡಿನ ಮನೆಗೆ ತಿಳಿಯುತ್ತದೆ ಎಂದು ಕಾಗದ ಹೇಳುತ್ತಿತ್ತು. ಮೂರು ವರ್ಷದ ಹಿಂದೆ ಅವಳಿಗೆ ಟಿ.ಬಿ. ಆಗಿತ್ತು. ಕಂಪನಿಯೇ ಚಿಕಿತ್ಸೆ ಕೊಡಿಸಿತು. ವಾಸಿಯಾಯಿತು. ಡಾಕ್ಟರ ಹಾಳೆ ಆಫೀಸಿನ ಬೀರುವಿಗೆ ಹೋಯಿತು. ಈಗ ಬೀರುವಿನಲ್ಲಿ ಆ ಹಾಳೆ ಇರಲಿಲ್ಲ.

"ನೂರಾ ನಲವತ್ತು ಹೆಂಗಸರಿದ್ದಾರೆ ನೂರ್ ಸಾಬ್ರೇ" ಎಂದರು ಮರುಳಸಿದ್ದಯ್ಯ. "ಇದು ಹೊರಗೆ ಬಿತ್ತು ಅಂದ್ರೆ ನಾಳೆಯಿಂದ ಯಾರೂ ಡಾಕ್ಟರ ಮುಂದೆ ನಿಲ್ಲಲ್ಲ. ಪುಡಿ ಹಾರೋ ಮಿಲ್ಲು ಇದು. ಕೆಮ್ಮು ಮುಚ್ಚಿಟ್ಕೊಂಡು ಕೆಲಸ ಮಾಡ್ತಾರೆ."

"ಬೀರು ಕೀ ಯಾರತ್ರ?"

"ನನ್ನ ಹತ್ರ. ಕ್ಲರ್ಕ್ ಪರಮಶಿವಯ್ಯನ ಹತ್ರ."

"ಪರಮಶಿವಯ್ಯನ ಅಕ್ಷರಾನಾ ಇದು?"

"ಅಲ್ಲ. ಅದಕ್ಕೇ ನಿಮ್ಮನ್ನ ಕರೆಸಿದ್ದು."

ಕಾಗದದ ಕೆಳಗೆ ಹೆಸರಿರಲಿಲ್ಲ. ಸಹಿಯಿರಲಿಲ್ಲ. ಆದರೆ ಮೇಲೆ ನಟ್ಟನಡುವೆ ದುಂಡಗೆ ಒಂದು ಸಾಲು ಇತ್ತು.

ಶ್ರೀ ಹಾಲುಗಲ್ಲೇಶ್ವರ ಪ್ರಸನ್ನ.

ನಮ್ಮಪ್ಪ ಪೋಸ್ಟಾಫೀಸಿನ ಮುಂದೆ ಕೂತು ಓದು ಬಾರದವರಿಗೆ ಮೂವತ್ತು ವರ್ಷ ಕಾಗದ ಬರೆದುಕೊಟ್ಟವರು. ಕೂತವರನ್ನು ಅವರು ಮೊದಲು ಕೇಳುತ್ತಿದ್ದದ್ದು ಹೆಸರಲ್ಲ, ಮನೆದೇವರು. ದೇವರ ಹೆಸರು ಮೇಲೆ ಬೀಳದೆ ಈ ಸೀಮೆಯಲ್ಲಿ ಯಾರೂ ಕಾಗದ ಶುರು ಮಾಡುವುದಿಲ್ಲ. ಮದುವೆಯ ಕಾಗದವಾಗಲಿ, ಸಾವಿನ ಕಾಗದವಾಗಲಿ. ಬೆದರಿಕೆಯ ಕಾಗದಕ್ಕೂ ಅದೇ ಪದ್ಧತಿ ಅಂತ ಅವತ್ತು ಗೊತ್ತಾಯಿತು.

ಹಾಲುಗಲ್ಲೇಶ್ವರನ ಗುಡಿ ಇರುವುದು ಕಂದಿಕೆರೆಯ ಆಚೆ ಒಂದೇ ಒಂದು ಊರಿನಲ್ಲಿ. ಮಂಗಳವಾರ ಹೋದೆ. ಪೂಜಾರಿ ಬೆರಳು ಮಡಿಸಿ ಹೇಳಿದ. ಒಟ್ಟು ಏಳು ಒಕ್ಕಲು. ಆರು ಮನೆ ಅಲ್ಲೇ ಇವೆ. ಏಳನೆಯದು ತಿಪಟೂರಿಗೆ ಹೋಗಿ ಕೊಬ್ಬರಿ ವ್ಯಾಪಾರ ಮಾಡುತ್ತಿದೆ. ಕಾಡಸಿದ್ದಪ್ಪ. ಹೆಂಡತಿ ಯಾರ ಮನೆಯವಳು ಅಂತ ಕೇಳಿದೆ.

ಪರಮಶಿವಯ್ಯನ ತಂಗಿ.

ಬುಧವಾರ ಬೆಳಿಗ್ಗೆ ನೇರವಾಗಿ ಅವನ ಮನೆಗೇ ಹೋದೆ. ಅವನು ಕಾಫಿ ಕೊಡಿಸಿದ. ತಪ್ಪಾಯ್ತು ಅಂದ. ಅಟ್ಟ ತೋರಿಸಿದ. ತಪ್ಪಾಯ್ತು ಅನ್ನುವವರನ್ನು ನಂಬಿ ಏಣಿ ಹತ್ತಬಾರದು. ಈ ವಯಸ್ಸಿಗೆ ಕಲಿತೆ.

ಹೊಗೆ ಸೊಂಟದ ಮಟ್ಟಕ್ಕೆ ಬಂತು. ಕಣ್ಣು ಉರಿಯತೊಡಗಿತು.

ಏಣಿಯ ಕಿಂಡಿಯ ಪಕ್ಕ ಒಂದು ಅಡ್ಡಹಲಗೆ ಇತ್ತು. ಅದರ ಹಿಂದೆ ನನ್ನ ಎದೆಯೆತ್ತರಕ್ಕೆ ಮಟ್ಟೆ ಸಮೇತ ಕಾಯಿಯ ರಾಶಿ. ಹತ್ತು ಸಾವಿರವಾದರೂ ಇದ್ದೀತು. ಹಲಗೆಯನ್ನು ಹಿಡಿದಿದ್ದದ್ದು ಎರಡು ಗೂಟ.

"ಕಾಡಸಿದ್ದಪ್ಪನವರೇ."

"ಏನ್ಲಾ?"

"ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ."

"ಯಾಕೆ?"

ಹೇಳಿದೆನಲ್ಲ, ಸಾಕು ಅನಿಸಿತು. ಗೂಟ ಒದ್ದೆ.

ಹಲಗೆ ಹೋಯಿತು. ಕಾಯಿ ಹೋದವು. ಮೊದಲು ಹತ್ತು, ಆಮೇಲೆ ನೂರು, ಆಮೇಲೆ ಎಣಿಸಲಿಲ್ಲ. ಕೆಳಗೆ ಬೆಂಕಿ ಮುಚ್ಚಿಹೋಯಿತು. ಅವನು "ಅಯ್ಯಪ್ಪಾ" ಅಂದದ್ದು ಒಂದು ಸಲ ಕೇಳಿಸಿತು. ಸದ್ದು ನಿಂತಾಗ ಕಿಂಡಿಯ ಕೆಳಗೆ ಆಳೆತ್ತರದ ಗುಡ್ಡವಾಗಿತ್ತು. ಅದರ ಮೇಲೆ ಧುಮುಕಿ ಜಾರಿಕೊಂಡು ನೆಲ ಮುಟ್ಟಿದೆ.

ಕಾಡಸಿದ್ದಪ್ಪ ಗೋಡೆಗೆ ಒರಗಿ ಕೂತಿದ್ದ. ಮೊಣಕಾಲವರೆಗೆ ಕಾಯಿ. ಕೈಯಲ್ಲಿ ಮಚ್ಚು ಇತ್ತು. ನಾನೇ ತೆಗೆದು ಆಚೆ ಇಟ್ಟೆ.

"ಕಾಲು ಹೋಯ್ತು ಕಣ್ಲಾ" ಅಂದ. ಆಮೇಲೆ ನಕ್ಕ. "ಹೋಗ್ಲಿ. ನೀನು ತುರುವೇಕೆರೆಗೆ ಹೋದ್ರೂ ಪೋಸ್ಟ್‌ಮ್ಯಾನ್ ನಿನ್ ಕೈಗೆ ಕೊಡಲ್ಲ. ಹೆಸರು ಹಾಕಿಲ್ಲ ನಾನು. ಯಾರು ಬರ್ದ್ರು ಅಂತ ದೇವ್ರಾಣೆ ಗೊತ್ತಾಗಲ್ಲ."

"ದೇವರಿಂದಲೇ ಗೊತ್ತಾಗೋದು."

ಗಿರಿಜಾಂಬಿಕಾಗೆ ಬಂದಿದ್ದ ಮೊದಲ ಕಾಗದವನ್ನು ಜೇಬಿನಿಂದ ತೆಗೆದು ಅವನ ಮುಂದೆ ಹಿಡಿದೆ. "ಮೇಲಿನ ಸಾಲು ಓದಿ."

ಓದಿದ. ನಗು ನಿಂತಿತು.

"ನೆನ್ನೆ ಹಾಕಿದ್ದರಲ್ಲೂ ಬರೆದ್ರಾ?"

"ಬರೀದೆ… ಹೆಂಗೆ ಶುರು ಮಾಡಾದು?"

"ಆ ತುರುವೇಕೆರೆ ಹುಡುಗನ್ನ ನೀವು ನಿಮ್ಮ ಮಗಳಿಗೆ ಕೇಳಿದ್ರಂತೆ, ಹೋದ ವರ್ಷ. ನಿಮ್ಮ ಪೂಜಾರಿ ಹೇಳಿದ. ಗಂಡಿನ ಅಪ್ಪ ನಿಮ್ಮ ಮನೆದೇವರು ಕೇಳಿರಬೇಕಲ್ಲ?"

"ಕೇಳಿದ್ರು."

"ಏನಂದ್ರಿ?"

ಮೇಲಿನ ಸಾಲು ಓದಿದ ಕೂಡಲೇ ಗಂಡಿನ ಅಪ್ಪನಿಗೆ ಬರೆದವನು ಯಾರೆಂದು ತಿಳಿಯುತ್ತದೆ ಅಂತ ಅವನಿಗೆ ಆಗ ಹೊಳೆಯಿತು. ಕಾಯಿಯ ರಾಶಿಯಿಂದ ಕಾಲು ಎಳೆದುಕೊಂಡ. ಗೋಡೆ ಹಿಡಿದು ಎದ್ದ.

"ಸಾಬ್ರೇ… ಟೈಮೆಷ್ಟು?"

ಇಲ್ಲಿಯವರೆಗೆ ನಾನು ಸಾಬ. ಈಗ ಸಾಬ್ರು.

"ಹತ್ತು ಇಪ್ಪತ್ತು" ಅಂದೆ. "ಅಂಚೆಗೆ ಹಾಕಿದ ಕಾಗದ ತಲುಪೋವರೆಗೂ ಹಾಕಿದವನದ್ದೇ. ಹಾಕಿದವನು ಅರ್ಜಿ ಕೊಟ್ರೆ ತಡೀತಾರೆ. ನಾನು ಕೊಟ್ರೆ ತಡೆಯಲ್ಲ. ನೀವು ಕೊಡಬೇಕು. ನಿಮ್ಮ ಹೆಸರಲ್ಲಿ, ನಿಮ್ಮ ಅಕ್ಷರದಲ್ಲಿ."

"ಹೆಸರು ಹಾಕ್ಬೇಕಾ?"

"ಈ ಸಲ ಹಾಕ್ಬೇಕು."

ತಿಪಟೂರು ಪೋಸ್ಟಾಫೀಸಿಗೆ ಹೋಗಲು ನನ್ನ ರಾಜದೂತ್ ಬೈಕಿನ ಹಿಂದೆ ಕೂತ. ಸಂತೆ ರಸ್ತೆಯಲ್ಲಿ ಮಟ್ಟೆ ಲಾರಿಯೊಂದು ಅಡ್ಡ ನಿಂತಿತ್ತು. ಹೋಟೆಲಿನ ಹಿತ್ತಲಲ್ಲಿ ನುಗ್ಗಿಸಿದೆ. ಒಂದು ಪಾತ್ರೆ ಉರುಳಿತು. ಒಂದು ನಾಯಿ ಓಡಿತು. ಬೈಗುಳ ಎಷ್ಟು ದೂರ ಬಂತೋ ಗೊತ್ತಿಲ್ಲ.

"ಜೋರಾಗಿ ಓಡುಸ್ರೀ" ಅಂದ ಹಿಂದಿನಿಂದ. ಅರ್ಧ ಗಂಟೆಯ ಹಿಂದೆ ನನಗೆ ಹೊಗೆ ಹಾಕಿದ ಮನುಷ್ಯ.

ಪೋಸ್ಟ್‌ಮಾಸ್ಟರ್ ಕನ್ನಡಕದ ಮೇಲಿಂದ ನೋಡಿದರು. ನನ್ನ ಮುಖ ಮಸಿ, ಅವನ ಕಾಲು ರಕ್ತ.

"ಏನ್ ಬೇಕ್ರೀ?"

"ಇವರಿಗೆ ಒಂದು ಕಾಗದ ವಾಪಸ್ ಬೇಕಂತೆ."

"ಕವರಿನ ಮೇಲೆ ಹೆಂಗೆ ವಿಳಾಸ ಬರ್ದಿದ್ರೋ ಹಂಗೇ ಬರೀರಿ. ಅಕ್ಷರ ತಾಳೆ ಆಗ್ಬೇಕು. ತಂತಿ ಖರ್ಚು ನಿಮ್ದು."

ಕಾಡಸಿದ್ದಪ್ಪ ಬರೆದ. ಕೊನೆಗೆ ಸಹಿ ಮಾಡುವಾಗ ನನ್ನ ಮುಖ ನೋಡಿದ. ನಾನು ಕ್ಯಾಲೆಂಡರ್ ನೋಡುತ್ತಿದ್ದೆ.

ತುರುವೇಕೆರೆಗೆ ತಂತಿ ಹೋದಾಗ ಹತ್ತು ಐವತ್ತೆರಡು.

ಎಂಟು ನಿಮಿಷ. ನಾನು ಪೆಟ್ಟು ತಿಂದಿದ್ದೇನೆ, ಒಮ್ಮೆ ಬೋರನಕಣಿವೆಯ ನೀರಿಗೂ ಬಿದ್ದಿದ್ದೇನೆ. ಆ ಬೆಂಚಿನ ಮೇಲೆ ಕೂತದ್ದಕ್ಕಿಂತ ಅವೆಲ್ಲ ಸಲೀಸು. ಹನ್ನೊಂದು ಹೊಡೆಯಿತು. ಹನ್ನೊಂದು ಐದು. ಆ ಹುಡುಗಿ ಅದೇ ಹೊತ್ತಿಗೆ ಮಿಲ್ಲಿನಲ್ಲಿ ಮೂಟೆ ಹೊಲಿಯುತ್ತಿರುತ್ತಾಳೆ ಅಂತ ಯೋಚನೆ ಬಂತು. ಹನ್ನೊಂದು ಹತ್ತು.

ತಂತಿ ಯಂತ್ರ ಕಟಕಟ ಅಂದಿತು.

ಪೋಸ್ಟ್‌ಮಾಸ್ಟರ್ ಓದಿದರು. "ಬೀಟಿನ ಚೀಲದಿಂದ ತೆಗೆದಿಟ್ಟವ್ರೆ. ನಾಳೆ ನಿಮ್ಮ ಕೈಗೆ ಬತ್ತದೆ."

ಕಾಡಸಿದ್ದಪ್ಪ ತಂತಿ ಖರ್ಚಿನ ದುಡ್ಡು ಎಣಿಸಿ ಕೊಟ್ಟ.

"ಕೈಗೆ ಬಂದ್ಮೇಲೆ ಇನ್ನೊಂದು ಸಲ ಹಾಕ್ಬೋದು ಅನ್ಕೊಂಡಿದ್ದೀರಾ?" ಅಂದೆ. "ಹಾಕಿ. ನಿಮ್ಮ ಸಹಿ ಇರೋ ಅರ್ಜಿ ಇಲ್ಲೈತೆ. ಯಾರಿಗೆ ಬರೆದ್ರಿ, ಯಾವತ್ತು ವಾಪಸ್ ಕೇಳಿದ್ರಿ, ಎಲ್ಲಾ."

"ಇಲ್ಲ ಸಾಬ್ರೇ. ಬುಡ್ರೀ."

ಮಧ್ಯಾಹ್ನ ಪರಮಶಿವಯ್ಯ ಕೀ ಗೊಂಚಲು ಮೇಜಿನ ಮೇಲಿಟ್ಟ. "ಒಂದು ಹಾಳೆ ತಾನೇ ಸಾರ್, ನಮ್ಮ ತಂಗಿ ಗಂಡ ಕೇಳ್ದ" ಅಂದ. ಅದೇ ಅವನ ಹೇಳಿಕೆ. ಮರುಳಸಿದ್ದಯ್ಯ ಅವನನ್ನು ಮನೆಗೆ ಕಳಿಸಿದರು. ಸಂಜೆಯೊಳಗೆ ಬೀರುವಿನಲ್ಲಿದ್ದ ಡಾಕ್ಟರ ಹಾಳೆಗಳನ್ನೆಲ್ಲ ಒಬ್ಬೊಬ್ಬ ಹೆಂಗಸನ್ನೇ ಕರೆದು ಅವರವರ ಕೈಗೇ ಕೊಟ್ಟರು. ಕಂಪನಿಯ ಹತ್ತಿರ ಉಳಿದದ್ದು ತಪಾಸಣೆಯ ತಾರೀಖು ಮಾತ್ರ.

ಗಿರಿಜಾಂಬಿಕಾ ತನ್ನ ಹಾಳೆಯನ್ನು ನನ್ನಿಂದ ತೆಗೆದುಕೊಂಡಳು. ಹೊಗೆ ವಾಸನೆ ಬರುತ್ತಿತ್ತು. ಮೂಸಿ ನೋಡಿ, ಮಡಿಸಿ ಸೆರಗಿಗೆ ಕಟ್ಟಿಕೊಂಡಳು.

"ಹುಡುಗನಿಗೆ ನೀನೇ ಹೇಳ್ತೀಯೇನಮ್ಮಾ?"

"ಹೇಳಾದಾದ್ರೆ ನಾನೇ ಹೇಳ್ತೀನಿ ಕಣಣ್ಣ. ಕಾಗದ ಹೇಳಾದು ಬ್ಯಾಡ."

ಶುಕ್ರವಾರ ನಿಶ್ಚಿತಾರ್ಥ ಆಯಿತು. ಊಟಕ್ಕೆ ನಾನೂ ಹೋಗಿದ್ದೆ. ಕೈ ತೊಳೆಯುವಾಗ ಮರುಳಸಿದ್ದಯ್ಯ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು.

"ಹೇಳಿದ್ಳಂತಾ?"

"ಗೊತ್ತಿಲ್ಲ ಸಾರ್" ಅಂದೆ.

ಗೊತ್ತಿತ್ತು. ನಿಮಗೂ ಹೇಳುವುದಿಲ್ಲ.

ಒಂದು ತಿದ್ದುಪಡಿ ಮಾತ್ರ. ಹುಡುಗಿಯ ಹೆಸರು ಗಿರಿಜಾಂಬಿಕಾ ಅಲ್ಲ. ಕಾಡಸಿದ್ದಪ್ಪನ ಹೆಸರು ಕಾಡಸಿದ್ದಪ್ಪನೇ.