ಒಂದೂ ಹಿಟ್ ಇಲ್ಲದ ಮಧ್ಯಾಹ್ನ

ತಿರುಗಿ ನೋಡಿದರೆ ಕೆಟ್ಟುಹೋಗುತ್ತದೆಯೇ? ಬರೀ ನೋಡುವುದೂ ಮಾತಾಡಿದ ಹಾಗೆಯೇ? ಬೆಂಚಿನ ಕೊನೆಯಲ್ಲಿ ಒಬ್ಬನೇ ಕೂತಿದ್ದ ವಿಲ್ಬರ್ ಕ್ರೇನ್, ತೊಡೆಯ ಮೇಲಿದ್ದ ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದ.

ಬೇಸ್‌ಬಾಲ್ ಆಟದ ಒಂಬತ್ತು ಇನ್ನಿಂಗ್ಸ್ ಮುಗಿದಿದ್ದವು. ಪಿಚರ್ ಆಗಿ ಚೆಂಡೆಸೆಯುತ್ತಿದ್ದ ಅವನು ಎದುರಾಳಿಗಳಿಗೆ ಒಂದೂ ಹಿಟ್, ಅಂದರೆ ಚೆಂಡು ಬಾರಿಸಿ ಮೊದಲ ಮೂಲೆಯ ಬೇಸ್ ತಲುಪುವ ಹೊಡೆತ, ಕೊಟ್ಟಿರಲಿಲ್ಲ. ಅವನ ತಂಡದವರೂ ಒಂದೂ ರನ್ ಮಾಡಿರಲಿಲ್ಲ. ಹಾಗಾಗಿ ಮುಗಿಯಬೇಕಿದ್ದ ಆಟ ಮುಗಿದಿರಲಿಲ್ಲ. 1912ರ ಆಗಸ್ಟ್, ಓಹಾಯೊದ ಆ ಉಕ್ಕಿನ ಊರಿನ ಮೈದಾನದ ಮೇಲೆ ಕಾರ್ಖಾನೆಯ ಹೊಗೆ ಇಳಿಯುತ್ತಿತ್ತು.

ಪಿಚರ್ ಹೀಗೆ ಹಿಟ್ ಕೊಡದೆ ಎಸೆಯುತ್ತಿರುವಾಗ ಬೆಂಚಿನಲ್ಲಿ ಯಾರೂ ಅವನನ್ನು ಮಾತಾಡಿಸುವುದಿಲ್ಲ. ಅವನೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ಅದೃಷ್ಟ ಕೈಬಿಡುತ್ತದೆ. ದೊಡ್ಡ ಲೀಗಿಗೆ ಆಟಗಾರರನ್ನು ಆರಿಸುವವನೊಬ್ಬ ಇವತ್ತು ಮೇಲಿನ ಸಾಲಿನಲ್ಲಿ ಕೂತಿದ್ದ. ಸವೆದ ಈ ಭುಜಕ್ಕೆ ಇನ್ನೊಂದು ಬೇಸಿಗೆ ಇಲ್ಲವೆಂಬುದು ವಿಲ್ಬರ್‌ಗೆ ಗೊತ್ತಿತ್ತು.

ಇನ್ನೊಬ್ಬಳಿಗೂ ಗೊತ್ತಿತ್ತು. ಅವನು ಬಾಡಿಗೆಗಿದ್ದ ಮನೆಯೊಡತಿಯ ತಂಗಿಯ ಮಗಳು ಹೇಜಲ್ ಪ್ರತಿದಿನ ಬೆಳಿಗ್ಗೆ ಆ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದಳು.

"ನಿನ್ನ ಭುಜ ಒಂದೇ ನೋಡು ನನ್ನ ಹತ್ರ ಮಾತಾಡೋದು. ಅದೂ ಬರೀ ಗೊಣಗುತ್ತೆ," ಎಂದು ಇವತ್ತೂ ನಕ್ಕಿದ್ದಳು. ಆಮೇಲೆ ಕೈ ನಿಲ್ಲಿಸಿ, "ಸಂಜೆ ರೈಲಿಗೆ ಅಕ್ಕನ ಊರಿಗೆ ಹೊರಟಿದ್ದೀನಿ. ಅಲ್ಲಿ ಅಂಗಡಿಯವನೊಬ್ಬ ನನ್ನನ್ನ ಮದುವೆಗೆ ಕೇಳಿದ್ದಾನೆ. ನೀನು ಬೇಡ ಅಂದ್ರೆ ಹೋಗಲ್ಲ," ಎಂದಿದ್ದಳು.

"ಆಟ ಮುಗೀಲಿ, ಹೇಳ್ತೀನಿ," ಎಂದಿದ್ದ ಅವನು.

ಈಗ ಅವಳು ಬೆಂಚಿನ ಹಿಂದಿನ ಕಟಕಟೆಗೆ ಬಂದು ನಿಂತಿದ್ದಳು. ಅವಳ ಕೈಯಿಂದ ಬರುವ ಎಣ್ಣೆಯ ಕರ್ಪೂರದ ವಾಸನೆ ಅವನನ್ನು ಮುಟ್ಟಿತು.

ಅವನ ಎಸೆತ ಹಿಡಿಯುವ ಕ್ಯಾಚರ್ ಟಾಲಿವರ್ ಎದ್ದು ಅಡ್ಡ ನಿಂತ. "ಅವನನ್ನ ಮಾತಾಡಿಸ್ಬೇಡಮ್ಮ. ನಿನಗೆ ಪುಣ್ಯ ಬರುತ್ತೆ."

"ಅವರ ಬ್ಯಾಟು ಸುಮ್ನಿರೋಕೆ ಇವನ ನಾಲಿಗೆ ಕಟ್ಬೇಕಾ?"

"ನಗ್ಬೇಡ. ಹೋದ ವರ್ಷ ಒಬ್ಬನನ್ನ ನೀರು ಬೇಕಾ ಅಂತ ಕೇಳಿದೆ. ಮುಂದಿನ ಎಸೆತಕ್ಕೇ ಹಿಟ್. ಅವನು ಇನ್ನೂ ನನ್ನ ಮುಖ ನೋಡಲ್ಲ."

ಅವಳು ನಗಲಿಲ್ಲ. "ವಿಲ್, ಬಾಯಿ ಬಿಡ್ಬೇಡ. ರೈಲಿಗೆ ಹೊತ್ತಾಯ್ತು. ಒಂದ್ಸಲ ಈ ಕಡೆ ತಿರುಗು, ಸಾಕು. ನಾನು ಅರ್ಥ ಮಾಡ್ಕೋತೀನಿ."

ಇನ್ನೊಂದೇ ಇನ್ನಿಂಗ್ಸ್, ನಮ್ಮವರು ಒಂದು ರನ್ ಮಾಡಿದರೆ ಸ್ಟೇಷನ್ನಿಗೆ ಓಡಬಹುದು ಎಂದು ವಿಲ್ಬರ್ ಅಂದುಕೊಂಡ. ಅವನು ತನ್ನ ಕೈಯನ್ನೇ ನೋಡುತ್ತಿದ್ದ.

"ಆಯ್ತು," ಎಂದಳು ಹೇಜಲ್. "ಇವತ್ತು ಎಣ್ಣೆ ಸೀಸೆ ನಿನ್ನ ಕಿಟಕಿ ಹತ್ರ ಇಟ್ಟಿದ್ದೀನಿ. ಎಡಗೈಲಿ ತಿಕ್ಕೊಳ್ಳೋದು ಕಲಿ."

ಅವಳು ತನ್ನ ಪ್ರಯಾಣದ ಪೆಟ್ಟಿಗೆ ಎತ್ತಿಕೊಂಡ ಸದ್ದು ಕೇಳಿಸಿತು.

ಹತ್ತನೆಯ ಇನ್ನಿಂಗ್ಸ್‌ನಲ್ಲೂ ಯಾರೂ ರನ್ ಮಾಡಲಿಲ್ಲ. ಹನ್ನೊಂದನೆಯದರಲ್ಲಿ ಅವನ ಎಸೆತ ದಾರಿ ತಪ್ಪತೊಡಗಿತು. ಗುರಿ ತಪ್ಪಿದ ನಾಲ್ಕು ಎಸೆತಗಳ ಲೆಕ್ಕದಲ್ಲಿ ಒಬ್ಬ ಬ್ಯಾಟುಗಾರ ಚೆಂಡು ಮುಟ್ಟದೆಯೇ ನಡೆದುಕೊಂಡು ಮೊದಲ ಬೇಸಿಗೆ ಹೋದ. ಜೊತೆಗಾರರ ಔಟ್‌ಗಳ ನಡುವೆ ಹೇಗೋ ಮೂರನೆಯದಕ್ಕೆ ತಲುಪಿದ; ಅಲ್ಲಿಂದ ಸುತ್ತು ಮುಗಿಸಿದರೆ ರನ್. ಆಗ ಬಲಗಡೆಯ ಬೇಲಿಯಾಚೆ ರೈಲು ಕೂಗಿತು. ವಿಲ್ಬರ್ ತಿರುಗಿ ನೋಡಿದ. ಹಲಗೆಗಳ ಮೇಲೆ ಬಿಳಿ ಹೊಗೆ ಮಾತ್ರ ಸರಿಯುತ್ತಿತ್ತು.

ಮುಂದಿನ ಚೆಂಡು ತಿರುಗಲೇ ಇಲ್ಲ. ಬ್ಯಾಟಿಗೆ ತಗುಲಿ ಅವನ ತಲೆಯ ಮೇಲಿಂದಲೇ ಹಾದು ಹುಲ್ಲಿಗೆ ಬಿತ್ತು. ಮೊದಲ ಹಿಟ್, ಮೊದಲ ರನ್. ವಿಲ್ಬರ್‌ನ ತಂಡಕ್ಕೆ ಕೊನೆಗೂ ರನ್ ಬರಲಿಲ್ಲ. ಸೊನ್ನೆಗೆ ಒಂದು, ಸೋಲು.

ಮೇಲಿನ ಸಾಲಿನವನು ಟೋಪಿ ಹಾಕಿಕೊಂಡು ಹೊರಟುಹೋದ. ಬೆಂಚಿನಲ್ಲಿ ಎಲ್ಲರಿಗೂ ಒಮ್ಮೆಲೇ ಮಾತು ಬಂತು. ಒಬ್ಬ ಬೆನ್ನು ತಟ್ಟಿದ, ಒಬ್ಬ ಅಂಪೈರನ್ನು ಬೈದ.

ಟಾಲಿವರ್ ಪಕ್ಕದಲ್ಲಿ ಕೂತ. "ಈಗ ಬಾಯಿ ಬಿಡಬಹುದು ಕಣೋ. ಏನಾದ್ರೂ ಹೇಳು."

ವಿಲ್ಬರ್ ಖಾಲಿಯಾದ ಕಟಕಟೆಯ ಕಡೆ ತಿರುಗಿ ಕೂತ.

ಹೋಗಬೇಡ ಎಂದು ಅವನು ಹೇಜಲ್‌ಗೆ ಹೇಳಲೇ ಇಲ್ಲ.