ಹೊಟ್ಟೆಪಟ್ಟಿ ಮರೆತ ಮಾಚವ್ವ

ಇದು ನಡೆದದ್ದು ಬಹಳ ಹಿಂದೆ, ನೀರ್ಗಲ್ಲು ರಾಜ್ಯದಲ್ಲಿ, ಅರಸು ಪಟ್ಟಕ್ಕೆ ಬಂದ ಏಳನೆಯ ವರ್ಷ, ಸುಗ್ಗಿ ಮುಗಿದ ಮೇಲಿನ ಮೊದಲ ಮೂರು ದಿನಗಳಲ್ಲಿ.

ಆ ರಾಜ್ಯದ ಉತ್ತರಕ್ಕೆ ಮಂಜಿನಕೋಟೆ ಇತ್ತು. ವರ್ಷಕ್ಕೆ ಮೂರು ದಿನ ಮಾತ್ರ ಅದು ಕಣ್ಣಿಗೆ ಕಾಣುತ್ತಿತ್ತು. ಉಳಿದ ದಿನ ಅಲ್ಲಿ ಬರೀ ಮಂಜು. ಕೋಟೆಯ ಒಡೆಯ ಇರುಳಯ್ಯನೆಂಬ ಮಾಂತ್ರಿಕ. ಆ ಮೂರು ದಿನ ಅವನು ಕುದುರೆಪಂದ್ಯ ನಡೆಸುತ್ತಿದ್ದ. ಮೊದಲ ದಿನ ನಡೆ, ಎರಡನೆಯ ದಿನ ಓಟ, ಮೂರನೆಯ ದಿನ ಜಿಗಿತ. ಮೂರನ್ನೂ ಮುಗಿಸಿದವರಿಗೆ ಅವನ ಲಾಯದಿಂದ ಒಂದು ಕುದುರೆ ಬಹುಮಾನ. ಸೋತವರು ಆ ಲಾಯಕ್ಕೇ ಸೇರುತ್ತಾರೆ, ಕುದುರೆಯಾಗಿ. ಊರ ಜನ ತಿಳಿದದ್ದು ಇಷ್ಟು. ಗೆದ್ದು ಬಂದವರನ್ನು ಯಾರೂ ನೋಡಿರಲಿಲ್ಲ. ಆದರೂ ಜನ ಹೋಗುತ್ತಿದ್ದರು. ಕೆಲವರು ಹೆಸರಿಗಾಗಿ, ಕೆಲವರು ಹೋಗಿ ಬಾರದವರಿಗಾಗಿ.

ತೊಗಲೂರಿನ ಮಾಚವ್ವ ಹೊರಟದ್ದು ಅಣ್ಣನಿಗಾಗಿ. ಅಣ್ಣ ಇರಗಣ್ಣ ಪಂದ್ಯಕ್ಕೆ ಹೋಗಿ ಕುದುರೆಯಾಗಿ, ಈ ಸಲದ ಮೂರನೆಯ ದಿನ ನಡುಹಗಲಿಗೆ ಸರಿಯಾಗಿ ಮೂರು ವರ್ಷ. ಮೂರು ವರ್ಷ ತುಂಬಿದರೆ ಕುದುರೆಗೆ ತಾನು ಮನುಷ್ಯನಾಗಿದ್ದುದೇ ಮರೆತುಹೋಗುತ್ತದೆ. ಆಮೇಲೆ ಮಂತ್ರ ಕಳಚಿದರೂ ಅದು ಕುದುರೆಯೇ.

ತೊಗಲೂರಿನವರು ಜೀನು ಹೊಲಿಯುವವರು. ಕುದುರೆಯ ಸಾಮಾನು ಕಟ್ಟುವುದಕ್ಕೆ ಅವರಲ್ಲಿ ಒಂದು ಪದ್ಧತಿ ಇತ್ತು. ಹದಿನೈದು ಸಾಮಾನು ಗಂಟಿನ ಒಳಗೆ. ಹದಿನಾರನೆಯದು ಹೊಟ್ಟೆಪಟ್ಟಿ, ಕುದುರೆಯ ಹೊಟ್ಟೆಯನ್ನು ಸುತ್ತಿ ಜೀನನ್ನು ಹಿಡಿದಿಡುವ ತೊಗಲಿನ ಪಟ್ಟಿ. ಅದನ್ನು ಒಳಗೆ ಇಡುವಂತಿಲ್ಲ. ಅದರಿಂದಲೇ ಗಂಟನ್ನು ಬಿಗಿಯಬೇಕು. ಗಂಟು ಹೊತ್ತರೆ ಪಟ್ಟಿಯನ್ನೂ ಹೊತ್ತಂತೆ. ಹೀಗೆ ಮಾಡಿದರೆ ಮರೆಯುವುದು ಸಾಧ್ಯವೇ ಇಲ್ಲ ಎಂದು ಹಿರಿಯರು ಲೆಕ್ಕ ಹಾಕಿದ್ದರು.

ಹೊರಡುವ ದಿನ ತಾಯಿಗೆ ಮನಸ್ಸು ತಡೆಯಲಿಲ್ಲ. ಮಗಳು ಅಷ್ಟು ದೂರ ಹೋಗುವವಳು, ಪಟ್ಟಿ ಮೆತ್ತಗಿರಲಿ ಎಂದು ಹರಳೆಣ್ಣೆ ಸವರಿ ಗೂಟಕ್ಕೆ ತೂಗುಹಾಕಿದಳು. ಆರುವವರೆಗೆ ಇರಲಿ ಎಂದು ಗಂಟನ್ನು ನಾರಿನ ಹಗ್ಗದಿಂದ ಬಿಗಿದಳು. ಬೆಳಗಿನ ಜಾವ ಮಾಚವ್ವ ಒಂದೊಂದನ್ನೂ ಗಂಟಿನ ಮೇಲಿನಿಂದಲೇ ಮುಟ್ಟಿ ಎಣಿಸಿದಳು. ಕೊನೆಗೆ ಗಂಟಿನ ಕಟ್ಟನ್ನು ಮುಟ್ಟಿದಳು.

"ಹದಿನಾರೂ ಆಯ್ತೇನೇ?" ಎಂದು ತಾಯಿ ಒಲೆಯ ಮುಂದಿನಿಂದ ಕೂಗಿದಳು.

"ಆಯ್ತವ್ವಾ."

ಗಂಟು ಹೊತ್ತು, ಬೂದಿ ಎಂಬ ತನ್ನ ಹೆಣ್ಣುಕುದುರೆಯನ್ನು ನಡೆಸಿಕೊಂಡು ಮಾಚವ್ವ ಹೊರಟಳು. ಗೂಟದ ಮೇಲೆ ಪಟ್ಟಿ ಆರುತ್ತಿತ್ತು.

ಗಂಟು ಬಿಚ್ಚಿದ್ದು ಮಂಜಿನಕೋಟೆಯ ಬಯಲಲ್ಲಿ. ಜೀನು ಇತ್ತು, ಕಡಿವಾಣ ಇತ್ತು, ಲಗಾಮು ಇತ್ತು. ಕೈಯಲ್ಲಿ ನಾರಿನ ಹಗ್ಗವೂ ಇತ್ತು. ಅವಳು ಹಗ್ಗವನ್ನು ನೋಡಿದಳು. ಮತ್ತೆ ನೋಡಿದಳು. ಇದು ಇರುಳಯ್ಯನ ಮಾಯೆ ಎಂದುಕೊಳ್ಳಲು ಅವಳಿಗೂ ಆಸೆಯಾಯಿತು. ಆದರೆ ಹಗ್ಗ ತಮ್ಮ ಮನೆಯ ಬಾವಿಯ ಹಗ್ಗ. ಇದು ಮಾಯೆಯಲ್ಲ, ಮರೆವು.

ಪಕ್ಕದಲ್ಲಿ ಬಿಳಿ ಕುದುರೆಯ ಮೇಲೆ ರಾಜಕುಮಾರ ಚಂದ್ರಕೀರ್ತಿ ಕೂತಿದ್ದ. ಅವನ ಜೀನಿನ ಮೇಲೆ ಹಾಸಿದ ಜರತಾರಿ ಬಟ್ಟೆ ನೆಲದವರೆಗೆ ಇಳಿಬಿದ್ದಿತ್ತು.

"ಏನಮ್ಮಾ, ಏನಾದರೂ ಮರೆತೆಯಾ?"

"ಹೊಟ್ಟೆಪಟ್ಟಿ, ದೊರೆ."

"ಜೀನು ಹೊಲಿಯುವ ಊರಿನವಳು! ಬಾಣಸಿಗ ಸೌಟು ಮರೆತ ಹಾಗಾಯಿತು." ಅವನು ನಕ್ಕು, ಬಳಿಕ ಬಗ್ಗಿ ಪಿಸುಗುಟ್ಟಿದ. "ಆ ಹಗ್ಗವನ್ನೇ ಬಿಗಿ. ಮೇಲೊಂದು ಬಟ್ಟೆ ಇಳಿಬಿಡು. ಯಾರಿಗೆ ಗೊತ್ತಾಗುತ್ತೆ?"

"ಬೂದಿಗೆ ಗೊತ್ತಾಗುತ್ತೆ. ನಾರು ಹೊಟ್ಟೆಯ ಚರ್ಮ ಸುಲಿಯುತ್ತೆ."

"ಪಂದ್ಯ ಗೆಲ್ಲಬೇಕೋ, ಕುದುರೆಯ ಚರ್ಮ ಕಾಯಬೇಕೋ?"

ಮಾಚವ್ವ ಹಗ್ಗವನ್ನು ಕೈಗೆ ಸುತ್ತಿಕೊಂಡಳು. ಅವಳು ಗೆಲ್ಲಲೇಬೇಕಿತ್ತು.

ಇರುಳಯ್ಯ ಬಂದ. ತೆಳ್ಳಗೆ, ಮೆತ್ತನೆಯ ದನಿಯ ಮುದುಕ. ಬಯಲಲ್ಲಿ ಒಂಬತ್ತು ಸವಾರರು ನಿಂತಿದ್ದರು. ಒಬ್ಬೊಬ್ಬರ ಮುಂದೆ ನಿಂತು ಅವನು ಕೇಳುತ್ತಿದ್ದದ್ದು ಒಂದೇ ಮಾತು.

"ಎಲ್ಲ ಇದೆಯೇ?"

"ಎಲ್ಲ ಇದೆ" ಎಂದ ರಾಜಕುಮಾರ. "ಎಲ್ಲ ಇದೆ" ಎಂದರು ಉಳಿದವರೂ.

ಕೊನೆಗೆ ಮಾಚವ್ವನ ಸರದಿ. ಹಗ್ಗ ಇನ್ನೂ ಅವಳ ಕೈಯಲ್ಲೇ ಇತ್ತು. ಬೂದಿ ಕತ್ತು ತಿರುಗಿಸಿ ಅದನ್ನು ಮೂಸಿ ನೋಡಿತು.

"ಇಲ್ಲ. ಹೊಟ್ಟೆಪಟ್ಟಿ ಮರೆತು ಬಂದೆ."

ಬಯಲೆಲ್ಲ ನಕ್ಕಿತು. ಇರುಳಯ್ಯ ನಗಲಿಲ್ಲ. ಒಂದು ಗಳಿಗೆ ಅವಳನ್ನೇ ನೋಡಿದ.

"ಹಾಗೆ ಹೇಳಿದವರು ಇದುವರೆಗೆ ಇಲ್ಲ" ಎಂದ. "ಆದರೂ ನಿಯಮ ಇದೆ. ಇಲ್ಲ ಅಂದವರು ಇಲ್ಲದೆಯೇ ನಡೆಯಬೇಕು. ಜೀನು ಇಳಿಸು."

ಮಾಚವ್ವ ಜೀನಿಲ್ಲದೆ ಬರಿಬೆನ್ನಿನ ಮೇಲೆ ಕೂತಳು. ನಡೆಯ ಪರೀಕ್ಷೆಯಲ್ಲಿ ಕುದುರೆ ವೃತ್ತ ಹಾಕಬೇಕು, ಅಡ್ಡಹೆಜ್ಜೆ ಇಡಬೇಕು, ಕಲ್ಲಿನಂತೆ ನಿಲ್ಲಬೇಕು. ನಡುವೆ ತೊಗಲಿಲ್ಲದ್ದರಿಂದ ಅವಳ ತೊಡೆ ಅಲುಗಿದ್ದೆಲ್ಲ ಬೂದಿಗೆ ನೇರವಾಗಿ ತಿಳಿಯಿತು. ಆದರೂ ಎರಡು ಸಲ ಜಾರಿದಳು. ಒಂಬತ್ತರಲ್ಲಿ ಆರನೆಯವಳಾದಳು.

ಸಂಜೆಯ ಬಿಸಿಲಿಗೆ ಸವಾರರ ನೆರಳು ಉದ್ದವಾಗಿ ಬಿದ್ದಿತ್ತು. ಮಾಚವ್ವ ಎಣಿಸಿ ನೋಡಿದಳು. ಎಂಟು ನೆರಳುಗಳಿಗೆ ಕುದುರೆಯ ಕಿವಿ ಮೂಡಿತ್ತು. ಅವಳದಕ್ಕೆ ಮೂಡಿರಲಿಲ್ಲ. ಸೋತವರು ಯಾರು, ಗೆದ್ದವರು ಯಾರು ಎಂದು ನೋಡಿದಳು. ಅಂದಿನ ಮೊದಲಿಗ ರಾಜಕುಮಾರ. ಅವನ ನೆರಳಿಗೇ ಎಲ್ಲರಿಗಿಂತ ಉದ್ದ ಕಿವಿ. ಹಾಗಾದರೆ ಸೋಲಿಗೂ ಇದಕ್ಕೂ ಸಂಬಂಧವಿಲ್ಲ. ಇನ್ನು ಅವರಿಗೂ ತನಗೂ ಇದ್ದ ವ್ಯತ್ಯಾಸ ಯಾವುದು? ಒಂದೇ ಒಂದು ಮಾತು.

"ದೊರೆ, ನಿಮ್ಮ ನೆರಳು ನೋಡಿಕೊಳ್ಳಿ" ಎಂದಳು.

ರಾಜಕುಮಾರ ನೋಡಿದ. ಮುಖ ಬಿಳುಪೇರಿತು. "ಇದು ಕಿರೀಟದ ನೆರಳು" ಎಂದು ಡೇರೆಯೊಳಗೆ ನಡೆದುಬಿಟ್ಟ. ಕಿರೀಟವನ್ನು ಅವನು ಆಗಲೇ ತೆಗೆದಿಟ್ಟಿದ್ದ.

ಎರಡನೆಯ ದಿನ ಇರುಳಯ್ಯ ಮತ್ತೆ ಕೇಳಿದ. "ಎಲ್ಲ ಇದೆಯೇ?"

ಎಂಟು ಮಂದಿ "ಇದೆ" ಎಂದರು. ಎಂಟು ನೆರಳುಗಳಿಗೂ ಬಾಲ ಬಂತು. ಮಾಚವ್ವ "ಇಲ್ಲ" ಎಂದಳು.

ಅಂದು ಓಟ. ಕಲ್ಲುಗುಡ್ಡ ಏರಿ, ಮುಳ್ಳುಬೇಲಿ ದಾಟಿ, ಮಾತಾಡುವ ಹೊಳೆಯನ್ನು ಹಾಯ್ದು ಬರಬೇಕು. ಗುಡ್ಡದಲ್ಲಿ ಅವಳು ಕತ್ತಿನ ಕೂದಲು ಹಿಡಿದು ಬೂದಿಗೆ ಅಂಟಿಕೊಂಡಳು. ಬೇಲಿಯಲ್ಲಿ ಒಮ್ಮೆ ಬಿದ್ದಳು, ಎದ್ದಳು. ಆದರೂ ಮೂವರನ್ನು ಹಿಂದೆ ಹಾಕಿದಳು. ಹೊಳೆಯ ನಡುವೆ ಒಂದು ಬಂಡೆಯ ಮೇಲೆ ರಾಜಕುಮಾರ ಒದ್ದೆಯಾಗಿ ಕೂತಿದ್ದ. ಅವನ ಕುದುರೆ ಆಚೆ ದಡದಲ್ಲಿ ಹುಲ್ಲು ಮೇಯುತ್ತಿತ್ತು. ನೀರು ಏರುತ್ತಿತ್ತು.

"ಇಲ್ಲೇ ಇರಲಿ ಬಿಡೇ, ಚೆನ್ನಾಗಿದ್ದಾನೆ" ಎಂದಿತು ಹೊಳೆ.

ನಿಂತರೆ ಹಿಂದೆ ಬೀಳುತ್ತೇನೆ ಎಂದು ಮಾಚವ್ವನಿಗೆ ಗೊತ್ತಿತ್ತು. ನಿಂತಳು.

"ಹೇಗೆ ಬಿದ್ದಿರಿ, ದೊರೆ?"

"ನೀರಿನ ಸೆಳೆತ."

"ಸುಳ್ಳು" ಎಂದಿತು ಹೊಳೆ.

ರಾಜಕುಮಾರ ತಲೆ ತಗ್ಗಿಸಿದ. ಅವನ ನೆರಳು ಬಂಡೆಯ ಮೇಲೆ ನಾಲ್ಕು ಕಾಲಲ್ಲಿ ನಿಲ್ಲಲು ನೋಡುತ್ತಿತ್ತು. ಕೊನೆಗೆ ಅವನು ಬಾಯಿಬಿಟ್ಟ. "ಎಡಗಾಲಿನ ರಿಕಾಪು ಮರೆತೆ. ಕಾಲಿಡಲು ಏನೂ ಇಲ್ಲ. ಎರಡು ದಿನದಿಂದ ಆ ಬಟ್ಟೆಯಡಿ ಒಂದು ಕಾಲು ಜೋತಾಡುತ್ತಿದೆ. ಹನ್ನೆರಡು ಮಂದಿ ಆಳುಗಳು ಸಾಮಾನು ಕಟ್ಟಿದರು, ಮಾರಾಯ್ತಿ! ಒಬ್ಬೊಬ್ಬನೂ ಇನ್ನೊಬ್ಬ ಇಟ್ಟಿದ್ದಾನೆ ಅಂದುಕೊಂಡ."

ಅವನು ಅಷ್ಟು ಹೇಳಿದ್ದೇ ತಡ, ನೆರಳಿನ ಬಾಲ ಕಳಚಿ ನೀರಲ್ಲಿ ತೇಲಿಹೋಯಿತು. ಕಿವಿಗಳು ಒಳಸೇರಿದವು. ಇಬ್ಬರೂ ನೋಡಿದರು.

ಮಾಚವ್ವ ಅವನನ್ನು ಬೂದಿಯ ಬೆನ್ನಿಗೆ ಏರಿಸಿಕೊಂಡು ದಡ ಸೇರಿಸಿದಳು. ಅಂದು ಅವಳು ಎಂಟನೆಯವಳು, ರಾಜಕುಮಾರ ಒಂಬತ್ತನೆಯವನು.

ಊಟಕ್ಕೆ ಕೂತಾಗ ಇಬ್ಬರೂ ಉಳಿದ ಏಳು ಮಂದಿಗೆ ಕಂಡದ್ದನ್ನು ಹೇಳಿದರು. ಯಾರೂ ಮುಖ ಎತ್ತಲಿಲ್ಲ. ರೊಟ್ಟಿ ಮುರಿಯುತ್ತ ಕೂತರು. ಕಡೆಗೆ ಹಳೆಯ ಸಿಪಾಯಿ ಭರಮಣ್ಣ ಗಂಟಲು ಸರಿಮಾಡಿಕೊಂಡ.

"ನನ್ನದು ಸಾಮಾನೆಲ್ಲ ಸರಿಯಾಗಿದೆ ಕಣವ್ವಾ. ಆದರೆ ಕುದುರೆಯ ಹೆಸರು ಮರೆತುಹೋಗಿದೆ. ಎರಡು ದಿನದಿಂದ 'ಏಯ್' ಅಂತಿದ್ದೀನಿ. ಅದಕ್ಕೆ ಸಿಟ್ಟು ಬಂದು ಹುರುಳಿ ಮುಟ್ಟಿಲ್ಲ."

ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಆಮೇಲೆ ಒಬ್ಬೊಬ್ಬರಾಗಿ ಹೇಳಿದರು. ಒಬ್ಬನಿಗೆ ಲಾಳದ ಮೊಳೆ ಇರಲಿಲ್ಲ. ಒಬ್ಬಳು ತಂಗಿಯ ಕುದುರೆಯ ಕಡಿವಾಣ ತಂದಿದ್ದಳು, ಅದು ಒಂದು ಬೆರಳು ಚಿಕ್ಕದು. ಏನೂ ಮರೆಯದವರು ಆ ಸಾಲಿನಲ್ಲಿ ಒಬ್ಬರೂ ಇರಲಿಲ್ಲ.

ಮೂರನೆಯ ದಿನ ಜಿಗಿತ. ಲಾಯದ ಸುತ್ತ ಒಂದರ ಮೇಲೊಂದಾಗಿ ಹನ್ನೆರಡು ವರಸೆ ಕಲ್ಲಿನ ಗೋಡೆ. ಅದನ್ನು ಹಾರಿ ಒಳಗೆ ಹೋದವರೇ ಗೆದ್ದವರು. ಯಾವ ಕುದುರೆಗೂ ಹಾರಲಾಗದಷ್ಟು ಎತ್ತರ.

"ಎಲ್ಲ ಇದೆಯೇ?" ಎಂದ ಇರುಳಯ್ಯ.

"ಇಲ್ಲ. ರಿಕಾಪು ಮರೆತೆ" ಎಂದ ರಾಜಕುಮಾರ. ಗೋಡೆಯ ಮೇಲಿನ ಒಂದು ವರಸೆ ಕುಸಿದು ಬಿತ್ತು.

"ಇಲ್ಲ. ಇವನ ಹೆಸರು ಮರೆತೆ" ಎಂದ ಭರಮಣ್ಣ. ಇನ್ನೊಂದು ವರಸೆ ಕುಸಿಯಿತು.

ಒಂಬತ್ತು ಮಂದಿ ಇಲ್ಲ ಎಂದರು. ಒಂಬತ್ತು ವರಸೆ ಬಿದ್ದವು. ಉಳಿದದ್ದು ಮೂರು. ಮಾಚವ್ವ ಬರಿಬೆನ್ನಿನ ಮೇಲೆ ಮುಂದಕ್ಕೆ ಬಾಗಿದಳು. ಕಾಲುವೆ ದಾಟಿದಷ್ಟು ಸಲೀಸಾಗಿ ಬೂದಿ ಗೋಡೆ ದಾಟಿತು.

ಒಳಗೆ ಸಾಲು ಸಾಲು ಕುದುರೆ. ಒಂದು ಕಂದು ಕುದುರೆ ಮುಂದೆ ಬಂದು ಅವಳ ಜಡೆಯನ್ನು ಹಲ್ಲಲ್ಲಿ ಹಿಡಿದು ಎಳೆಯಿತು. ಇರಗಣ್ಣ ಚಿಕ್ಕಂದಿನಿಂದ ಅವಳ ಜಡೆ ಎಳೆದೇ ಮಾತು ಶುರುಮಾಡುತ್ತಿದ್ದ.

"ಅಣ್ಣಾ!" ಎಂದು ಅವಳು ಅದರ ಕತ್ತು ಅಪ್ಪಿಕೊಂಡಳು.

"ಗೆದ್ದೆ. ತೆಗೆದುಕೊಂಡು ಹೋಗು" ಎಂದ ಇರುಳಯ್ಯ ಬಾಗಿಲಲ್ಲಿ ನಿಂತು.

ಮಾಚವ್ವ ಕಾದಳು. ಕುದುರೆ ಕುದುರೆಯಾಗಿಯೇ ನಿಂತಿತ್ತು.

"ಇವನು ಮನುಷ್ಯನಾಗಲಿಲ್ಲ."

"ಬಹುಮಾನ ಒಂದು ಕುದುರೆ ಅಂದೆ. ಮನುಷ್ಯ ಅಂದೆನೇನಮ್ಮಾ?"

ಹೊತ್ತು ನೆತ್ತಿಗೆ ಬರುತ್ತಿತ್ತು. ನೆತ್ತಿಗೆ ಬಂದರೆ ಮೂರು ವರ್ಷ ತುಂಬಿದಂತೆ. ಆಗಲೇ ಕಂದು ಕುದುರೆ ಜಡೆ ಬಿಟ್ಟು, ನೆಲದ ಹುಲ್ಲಿನ ಕಡೆ ನೋಡತೊಡಗಿತ್ತು. ಮಾಚವ್ವ ತನಗೆ ಗೊತ್ತಿದ್ದದ್ದನ್ನು ಒಂದೊಂದಾಗಿ ಜೋಡಿಸಿ ನೋಡಿದಳು. ಈ ಕೋಟೆ ನಿಂತಿರುವುದು ಒಂದು ಪ್ರಶ್ನೆಯ ಮೇಲೆ. ಆ ಪ್ರಶ್ನೆಗೆ ಎಲ್ಲರೂ ಉತ್ತರ ಹೇಳಿದ್ದಾರೆ. ಹೇಳದವನು ಒಬ್ಬನೇ.

ಅವಳು ಮುದುಕನ ಮುಂದೆ ಹೋಗಿ ನಿಂತಳು.

"ಅಯ್ಯಾ, ನಿಮಗೆ? ಎಲ್ಲ ಇದೆಯೇ?"

ಇದೆ ಎಂದರೆ ಏನಾಗುತ್ತದೆಂದು ಇರುಳಯ್ಯನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಇಲ್ಲ ಎಂದರೆ ಏನು ಮಾಡಬೇಕೆಂಬ ನಿಯಮವೂ ಅವನದೇ. ಅವನು ಲಾಯದ ಕಡೆ ನೋಡಿದ. ಆಮೇಲೆ ಗೋಡೆಯ ಕಲ್ಲಿನ ಮೇಲೆ ಕುಸಿದು ಕೂತ.

"ಮುನ್ನೂರು ವರ್ಷದ ಹಿಂದೆ ಈ ಬಯಲಲ್ಲಿ ಒಂದು ಪಂದ್ಯ ನಡೆಯಿತು" ಎಂದ. "ನಾನೂ ಬಂದಿದ್ದೆ. ಜೀನು ತಂದೆ, ಕಡಿವಾಣ ತಂದೆ, ಬೆಳ್ಳಿಯ ರಿಕಾಪು ತಂದೆ. ಅವನ್ನೆಲ್ಲ ಉಜ್ಜಿ ಹೊಳೆಸುವ ಗಡಿಬಿಡಿಯಲ್ಲಿ ಕುದುರೆಯನ್ನು ಕೊಟ್ಟಿಗೆಯಲ್ಲೇ ಬಿಟ್ಟು ಗಾಡಿ ಹತ್ತಿ ಬಂದುಬಿಟ್ಟೆ."

ಗೋಡೆಯಾಚೆ ಯಾರೋ ಕಿಸಕ್ಕೆಂದರು. ಮಾಚವ್ವ ನಗಲಿಲ್ಲ.

"ಎಲ್ಲ ಇದೆಯೇ ಅಂತ ಕೇಳಿದರು. ಇದೆ ಅಂದೆ. ಆ ಒಂದು ಸುಳ್ಳನ್ನು ಮುಚ್ಚಲು ಮಂತ್ರ ಕಲಿತೆ. ಮಂತ್ರವನ್ನು ಮುಚ್ಚಲು ಮಂಜು ಕಲಿತೆ." ಅವನು ಎದ್ದು ನಿಂತ. "ಇಲ್ಲಮ್ಮಾ. ನನಗೆ ಕುದುರೆ ಇಲ್ಲ. ಇಲ್ಲಿರುವ ಒಂದೂ ನನ್ನದಲ್ಲ."

"ಹಾಗಾದರೆ ಇಲ್ಲದೆಯೇ ನಡೆಯಬೇಕು, ಅಯ್ಯಾ" ಎಂದಳು ಮಾಚವ್ವ ಮೆಲ್ಲಗೆ.

ಅವನು ತಲೆಯಾಡಿಸಿ, ಬರಿಗಾಲಲ್ಲಿ, ತೆಂಕಣ ದಾರಿ ಹಿಡಿದು ನಡೆದ. ಅವನ ಹಿಂದೆ, ಬಯಲಂಚಿಗೆ ಸರಿದಿದ್ದ ಮಂಜೂ ಸಾಲಾಗಿ ಹೊರಟುಹೋಯಿತು. ಗೋಡೆ ಉಳಿಯಲಿಲ್ಲ, ಕೋಟೆ ಉಳಿಯಲಿಲ್ಲ. ಕೋಟೆ ಇದ್ದ ಜಾಗದಲ್ಲಿ ಬಿಸಿಲು ಬಿತ್ತು.

ಕಂದು ಕುದುರೆ ಇದ್ದ ಜಾಗದಲ್ಲಿ ಇರಗಣ್ಣ ನಿಂತಿದ್ದ, ಬಾಯಲ್ಲಿ ಹುಲ್ಲು. ಅದನ್ನು ಉಗುಳಿ, "ನೀನು ಯಾಕೇ ಬಂದೆ? ಅವ್ವನ ಹತ್ತಿರ ಯಾರಿದ್ದಾರೆ?" ಎಂದು ಗದರಿದ. ಆಮೇಲೆ ಅತ್ತ.

ಮೂರು ವರ್ಷ ತುಂಬದಿದ್ದವರೆಲ್ಲ ಮನುಷ್ಯರಾದರು. ತಮ್ಮ ತಮ್ಮ ಊರು ಸೇರಿದರು, ಮದುವೆ ಮಕ್ಕಳು ಎಂದು ನೆಮ್ಮದಿಯಾಗಿ ಬಾಳಿದರು. ಇರಗಣ್ಣನಿಗೆ ಮಾತ್ರ ಕೆಲಕಾಲ ನಿಂತೇ ನಿದ್ದೆ ಬರುತ್ತಿತ್ತು. ಚಂದ್ರಕೀರ್ತಿ ರಾಜನಾದ. ತನ್ನ ಕುದುರೆಯ ಸಾಮಾನನ್ನು ತಾನೇ ಕಟ್ಟಿಕೊಳ್ಳುತ್ತಿದ್ದ.

ಮೂರು ವರ್ಷ ಎಂದೋ ದಾಟಿ ಇನ್ನೂ ಬದುಕಿದ್ದ ಕುದುರೆಗಳು ಕುದುರೆಗಳಾಗಿಯೇ ಉಳಿದವು. ಅವು ಯಾರೆಂದು ಅವಕ್ಕೂ ತಿಳಿಯದು, ಬೇರೆಯವರಿಗೂ ತಿಳಿಯದು. ಅಣ್ಣ ತಂಗಿ ಅವನ್ನೆಲ್ಲ ತೊಗಲೂರಿಗೆ ಹೊಡೆದುಕೊಂಡು ಬಂದರು. ಊರವರು ಕೆರೆಯ ಕೆಳಗಿನ ಹುಲ್ಲುಗಾವಲನ್ನು ಬಿಟ್ಟುಕೊಟ್ಟರು. ಯಾರೂ ಅವುಗಳ ಮೇಲೆ ಜೀನು ಹಾಕಲಿಲ್ಲ. ಅವು ಹನ್ನೊಂದು.