ಎಡ ಭುಜಕ್ಕೊಂದು ಮೆತ್ತೆ

'ಉಸಿರು ಬಿಗಿಹಿಡೀಬೇಡಿ... ಅಳತೆ ತಪ್ಪುತ್ತೆ!'

ಅವಳಿಗೆ ಹಾಗೆ ಹೇಳಬೇಕೆನಿಸಿತು. ಹೇಳಲಿಲ್ಲ. ತುಟಿಗಳ ನಡುವೆ ಗುಂಡುಸೂಜಿಗಳ ಸಾಲೇ ಇತ್ತು. ಅವು ಇಲ್ಲದಿದ್ದರೂ ಹೇಳುತ್ತಿರಲಿಲ್ಲ, ಆ ಮಾತು ಬೇರೆ.

ಅವನು ಕೈಗಳನ್ನು ಅಗಲಿಸಿ ನಿಂತಿದ್ದ. ಅವಳ ಟೇಪು ಅವನ ಎದೆಯನ್ನು ಸುತ್ತಿ ಬಂತು. ಅವನ ಎದೆಬಡಿತ ಟೇಪಿನ ಮೂಲಕ ಬೆರಳಿಗೆ ತಾಗಿದಂತಾಗಿ ಅವಳು ತಟ್ಟನೆ ಕೈ ಹಿಂದೆಗೆದಳು.

"ಬಿಗಿಯಾಯ್ತಾ?" ಎಂದ ಅವನು.

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಸಡಿಲ?"

ಮತ್ತೆ ತಲೆ.

"ಮಾತಾಡೋದಕ್ಕೂ ಮೇಲಿನವರ ಅಪ್ಪಣೆ ಬೇಕೇನು ಇಲ್ಲಿ?"

ಹೊಲಿಗೆ ಮಿಷನ್ನಿನ ಹಿಂದಿನಿಂದ ಅತ್ತಿಗೆ ನಕ್ಕಳು. "ಅವಳ ಹತ್ರ ಮಾತು ಹೊರಡಿಸಿದ್ರೆ ನಿಮಗೆ ನಾನೇ ಒಂದು ಮೆಡಲ್ ಹೊಲಿದು ಕೊಡ್ತೀನಿ!"

ಗಡಿ ಅಧಿಕಾರಿಗಳು, ಕಾವಲುಗಾರರು, ಸೇನೆಯ ಮೀಸಲು ಪಡೆಯವರು ತಂಡ ತಂಡವಾಗಿ ಬಂದು ಕಲಿತು ಹೋಗುವ ತರಬೇತಿ ಕೇಂದ್ರ ಅದು. ಬಂದವರಿಗೆ ಬೂಟು, ಹೆಲ್ಮೆಟ್, ಗುಂಡು ತಡೆಯುವ ಜಾಕೆಟ್ ಕೊಟ್ಟು, ಮೈಗೆ ಹೊಂದುವಂತೆ ತಿದ್ದಿ ಹೊಲಿಯುವುದು ನಾದಿನಿ ಅತ್ತಿಗೆಯರ ಕೆಲಸ. ನಾದಿನಿಯಾದ ಅವಳು ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು. ಜನರ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲು ಅಂಜುವವಳು. ಆದರೆ ಅವಳ ಕಣ್ಣು ತಪ್ಪಿಸಿ ಒಂದು ನೂಲೂ ಜಾರುವಂತಿರಲಿಲ್ಲ.

ಅವನ ಮೇಲೆ ಜಾಕೆಟ್ ಇಟ್ಟು ನೋಡಿದಾಗಲೇ ಅವಳಿಗೆ ತಿಳಿಯಿತು. ಎಡ ಭುಜ ಬಲಕ್ಕಿಂತ ತುಸು ತಗ್ಗು. ಆ ಬದಿಯ ಪಟ್ಟಿ ಜಾರಿದರೆ ಎದೆಯ ಮಗ್ಗುಲು ಬಯಲಾಗುತ್ತದೆ. ಬೇರೆಯವರಾಗಿದ್ದರೆ ಎಲ್ಲರ ಮುಂದೆಯೇ ಹೇಳಿಬಿಡುತ್ತಿದ್ದರು. ಅವಳು ಹೇಳಲಿಲ್ಲ. ಎಡಪಟ್ಟಿಯ ಒಳಗೆ, ಹೊರಗೆ ಕಾಣದಂತೆ, ಅಂಗೈಯಗಲದ ಒಂದು ಮೆತ್ತೆ ಇಟ್ಟು ಹೊಲಿದುಕೊಟ್ಟಳು.

ಅವನು ತೊಟ್ಟು ನೋಡಿದ. ಬಗ್ಗಿದ, ಎದ್ದ, ಜಿಗಿದ.

"ಅರೆ! ನನಗಂತಲೇ ಹುಟ್ಟಿದ ಹಾಗಿದೆ!"

ಹೋಗುವಾಗ ಬಾಗಿಲಲ್ಲಿ ತಿರುಗಿ ನೋಡಿದ. ಅವಳ ತುಟಿಯ ಒಂದು ಸೂಜಿ ಟಣ್ಣನೆ ನೆಲಕ್ಕೆ ಬಿತ್ತು.

* * *

ಅವನು ಊರಲ್ಲಿ ಅಂಚೆ ಹಂಚುವವನು. ಮೀಸಲು ಪಡೆಯಿಂದ ಕರೆ ಬಂದು, ಗಡಿ ಠಾಣೆಗೆ ಹೊರಡುವ ಮೊದಲು ತರಬೇತಿಗೆ ಬಂದಿದ್ದ. ವರ್ಷಗಟ್ಟಲೆ ಹೊತ್ತ ಅಂಚೆ ಚೀಲವೇ ಆ ಭುಜವನ್ನು ತಗ್ಗಿಸಿತ್ತು. ಅದು ಅವನಿಗೂ ಗೊತ್ತಿರಲಿಲ್ಲ! ತಂಡದವರು, ಅಡುಗೆಯವರು, ಗೇಟಿನ ಕಾವಲಿನವರು ಎಲ್ಲರೂ ಅವನನ್ನು ಕರೆಯುತ್ತಿದ್ದುದು 'ಅಂಚೆಯಣ್ಣ' ಎಂದು. ಅತ್ತಿಗೆಯೂ ಹಾಗೇ ಕರೆಯುತ್ತಿದ್ದಳು.

ಅವಳು ಮಾತ್ರ ಅವನನ್ನು ಏನೆಂದೂ ಕರೆಯಲಿಲ್ಲ.

'ಎಲ್ಲರಿಗೂ ಅಣ್ಣ ಆಗಲಿ... ನನಗೊಬ್ಬಳಿಗೆ ಬೇಡಪ್ಪಾ!' ಎಂದು ಒಳಗೊಳಗೇ ಅಂದುಕೊಂಡು, ತಾನೇ ನಾಚಿ, ಮಿಷನ್ನಿನ ಪೆಡಲನ್ನು ಜೋರಾಗಿ ತುಳಿದಳು.

ತರಬೇತಿಯಲ್ಲಿ ಒಂದು ಪಾಠ ಬೇರೆಲ್ಲದಕ್ಕಿಂತ ಕಷ್ಟದ್ದು. ದೊಡ್ಡ ಹಜಾರದಲ್ಲಿ ಒಂದು ಸುಳ್ಳು ಗಡಿ ಠಾಣೆ. ಮೇಜು, ಬಣ್ಣ ಬಳಿದ ಅಡ್ಡಗಂಬ, ಚೀಲ ತಪಾಸಣೆಯ ಬೆಂಚು. ಕೇಂದ್ರದ ಕೆಲಸದವರೇ ಪ್ರಯಾಣಿಕರಾಗಿ ಬಂದು ಕಟ್ಟುಕತೆ ಹೇಳಬೇಕು. ಮೇಜಿನ ಹಿಂದೆ ಕೂತವನು ಕೇಳಿ, ನೋಡಿ, ಅದನ್ನು ಜಾಲಾಡಬೇಕು. ಈ ಪಾಠ ನಡೆಸುವವರು ಗಡಿಯಲ್ಲೇ ತಲೆ ಬೆಳ್ಳಗಾಗಿಸಿಕೊಂಡು ನಿವೃತ್ತರಾದ ಒಬ್ಬ ಹಿರಿಯ ಹೆಂಗಸು. ಎಲ್ಲರ ಬಾಯಲ್ಲಿ ಅವರು ಟೀಚರಮ್ಮ.

"ಕತೆ ಪೂರ್ತಿ ಸುಳ್ಳಾಗಿರಬಾರದು," ಎನ್ನುತ್ತಿದ್ದರು ಟೀಚರಮ್ಮ. "ಒಂದೇ ಒಂದು ನಿಜ ಬೆರೆಸಿ. ಆ ನಿಜ ಯಾವುದು ಅಂತ ಇವರು ಹಿಡೀಬೇಕು. ಹಿಡಿದ್ರೆ ಮುಚ್ಚಿಡದೆ ಹೂಂ ಅನ್ನಬೇಕು."

ಆ ದಿನ ಪ್ರಯಾಣಿಕೆಯಾಗುವ ಸರದಿ ಅವಳದು. ಮೇಜಿನ ಹಿಂದೆ... ಅವನು!

ಬಾಯಲ್ಲಿ ಸೂಜಿಗಳಿಲ್ಲ, ಅಡಗಿಕೊಳ್ಳಲು ಏನೂ ಇಲ್ಲ. ಆದರೆ ಒಂದು ವಿಚಿತ್ರ... ಬೇರೆ ಯಾರೋ ಆಗಿ ನಿಂತ ಕೂಡಲೇ ಅವಳ ನಾಲಿಗೆ ಸಡಿಲವಾಯಿತು.

"ಎಲ್ಲಿಗೆ ಹೊರಟಿದೀರಿ?" ಅವನ ದನಿ ಗಟ್ಟಿಯಾಗಿತ್ತು.

"ಗಡಿಯಾಚೆ. ನನ್ನ ಮದುವೆಯಾಗೋ ಹುಡುಗ ಅಲ್ಲಿದಾರೆ."

"ಏನು ಕೆಲಸ ಅವರಿಗೆ?"

"ಕುದುರೆ ವ್ಯಾಪಾರ."

ಹಿಂದಿನ ಸಾಲಿನವರು ಕಿಸಕ್ಕೆಂದರು. ಅವನು ನಗಲಿಲ್ಲ.

"ಹೇಗಿದಾರೆ ನೋಡೋಕೆ? ಗುರುತು ಹೇಳಿ."

ಅವಳು ಮೊದಲ ಬಾರಿಗೆ ಕಣ್ಣೆತ್ತಿ ಅವನನ್ನು ನೋಡಿದಳು.

"ಅವರ ಎಡ ಭುಜ ಸ್ವಲ್ಪ ತಗ್ಗು. ಏನು ತೊಟ್ರೂ ಆ ಕಡೆ ಜಾರುತ್ತೆ. ಅದು ಅವರಿಗೇ ಗೊತ್ತಿಲ್ಲ. ನಗೋಕೆ ಮುಂಚೆ ಒಂದು ಚಣ ನೆಲ ನೋಡ್ತಾರೆ. ಯಾರಾದ್ರೂ ಭಾರ ಹೊತ್ಕೊಂಡು ಎದುರು ಬಂದ್ರೆ ಕೇಳದೇನೇ ಕೈ ಚಾಚ್ತಾರೆ... ಅವರು ಹತ್ತಿರ ಬಂದ್ರೆ ನನಗೆ ಮಾತೇ ಹೊರಡಲ್ಲ."

ಅವನ ಮುಖದ ಬಣ್ಣ ಮೆಲ್ಲಗೆ ಇಳಿದುಹೋಯಿತು.

"ಏನು ಹಿಡಿದೆ?" ಎಂದರು ಟೀಚರಮ್ಮ.

"ಕುದುರೆ ಸುಳ್ಳು. ಪ್ರಯಾಣ ಸುಳ್ಳು," ಎಂದ ಅವನು ನಿಧಾನವಾಗಿ. "ಆದ್ರೆ ಆ ಹುಡುಗ ನಿಜ. ಅವರ ಬಗ್ಗೆ ಹೇಳುವಾಗ ಇವರ ಕಣ್ಣೇ ಬೇರೆ ಆಗಿತ್ತು."

"ಏನಮ್ಮಾ, ಅಂಥವನೊಬ್ಬ ಇದಾನಾ?"

ನಿಯಮವೆಂದರೆ ನಿಯಮ. ಅವಳು ತಲೆ ತಗ್ಗಿಸಿದಳು.

"ಹೂಂ."

ಚಪ್ಪಾಳೆ ಬಿತ್ತು. ಟೀಚರಮ್ಮ ಅವನ ಬೆನ್ನು ತಟ್ಟಿ, "ಇಂಥ ಕಣ್ಣು ಸಾವಿರಕ್ಕೊಬ್ಬನಿಗೆ!" ಎಂದರು.

ಆ ಕಣ್ಣಿಗೆ ನಿಜ ಸಿಕ್ಕಿತ್ತು. ಆದರೆ ಆ ನಿಜ ತಾನೇ ಎಂಬುದು ಮಾತ್ರ ಕಾಣಲಿಲ್ಲ!

* * *

ಆಮೇಲೆ ಅವನು ಹೊಲಿಗೆ ಕೋಣೆಯತ್ತ ಸುಳಿಯಲಿಲ್ಲ. ಗುಂಡಿ ಕಿತ್ತರೆ ಗೆಳೆಯನ ಕೈಲಿ ಕಳಿಸುತ್ತಿದ್ದ. ಊಟದ ಸಾಲಿನಲ್ಲಿ ಎದುರಾದರೆ ದಾರಿ ಬಿಟ್ಟು ನಿಲ್ಲುತ್ತಿದ್ದ, ಇನ್ನೊಬ್ಬರ ವಸ್ತು ಕಂಡವನಂತೆ.

"ಹೋಗಿ ಹೇಳೇ ಹುಡುಗಿ!" ಎಂದಳು ಎಲ್ಲ ತಿಳಿದಿದ್ದ ಅತ್ತಿಗೆ. "ಬಾಯಲ್ಲಿ ಸೂಜಿ ಕಚ್ಕೊಂಡು ಪ್ರೀತಿ ಮಾಡಿದ್ರೆ ಅವನಿಗೇನು ಕನಸು ಬೀಳುತ್ತಾ?"

"ಏನಂತ ಹೇಳ್ಲಿ ಅತ್ತಿಗೆ?"

"ಕುದುರೆ ವ್ಯಾಪಾರಿ ನೀನೇ ಅಂತ!"

'ಅವರು ಗಡಿಗೆ ಹೊರಟವರು. ನನ್ನಂಥವಳು ಅಡ್ಡ ನಿಂತು ಹೇಳೋದಾ? ನಕ್ಕುಬಿಟ್ರೆ?'

ಕೊನೆಯ ದಿನ ಎಲ್ಲರೂ ತರಬೇತಿಯ ಸಾಮಾನು ಹಿಂದಿರುಗಿಸಲು ಬಂದರು. ಠಾಣೆಯಲ್ಲಿ ಅವರಿಗೆ ಬೇರೆ ಹೊಸದು ಸಿಗುತ್ತದೆ. ಅವನು ಅಂಗಳ ದಾಟಿ ಬರುವುದು ಕಿಟಕಿಯಲ್ಲಿ ಕಂಡದ್ದೇ ತಡ, ಅವಳು ಗಾಬರಿಯಿಂದ ಡಬ್ಬಿಗೆ ಕೈಹಾಕಿ ಸೂಜಿಗಳನ್ನು ಬಾಯಿಗೆ ಕಚ್ಚಿಕೊಂಡಳು.

ಅವನು ಜಾಕೆಟನ್ನು ಕೌಂಟರಿನ ಮೇಲಿಟ್ಟ. ಅದರ ಮೇಲೆ ಕೈ ಆಡಿಸಿದ.

"ಒಂದು ದಿನವೂ ಜಾರಲಿಲ್ಲ," ಎಂದ. ನೆಲ ನೋಡಿದ. ಆದರೆ ಈ ಸಲ ನಗು ಬರಲಿಲ್ಲ. "ನಿಮ್ಮ ಹುಡುಗ... ಪುಣ್ಯವಂತ. ಚೆನ್ನಾಗಿರಿ."

'ತೆಗಿ! ಸೂಜಿ ತೆಗಿ! ಹೇಳು!' ಎದೆ ಕೂಗಿತು. ಕೈ ಮೇಲೇಳಲಿಲ್ಲ.

ಅವನು ಹೊರಟುಹೋದ. ಲಾರಿ ಹೊರಟ ಸದ್ದು ಕೇಳಿದ ಮೇಲೆ ಅವಳು ಸೂಜಿಗಳನ್ನು ತೆಗೆದಳು. ತುಟಿಯಲ್ಲಿ ಒಂದು ಹನಿ ರಕ್ತವಿತ್ತು.

ಮರಳಿ ಬಂದ ಜಾಕೆಟಿನ ಹೊಲಿಗೆ ಬಿಚ್ಚಿ, ಮೆತ್ತೆ ಕಿತ್ತು, ಮತ್ತೊಬ್ಬರಿಗಾಗಿ ರಾಶಿಗೆ ಹಾಕಬೇಕು. ಅದು ಅಲ್ಲಿನ ಪದ್ಧತಿ. ಅವಳು ಕತ್ತರಿ ಎತ್ತಿದಳು. ಎಡಪಟ್ಟಿಯನ್ನು ಮುಟ್ಟಿದಳು. ಬೆವರಿಗೆ, ಬಿಸಿಲಿಗೆ ಆ ಮೆತ್ತೆ ಅವನ ಭುಜದ ಆಕಾರಕ್ಕೇ ತಗ್ಗಿ ಕೂತಿತ್ತು.

ಕತ್ತರಿ ಕೆಳಗಿಟ್ಟಳು.

* * *

ತಂಡಗಳು ಬಂದವು, ಹೋದವು. ಬ್ಯಾಂಕಿನ ಕಾವಲುಗಾರರು, ಬಂದರಿನವರು, ಮತ್ತೆ ಮೀಸಲು ಪಡೆಯವರು. ಎಷ್ಟೋ ಎದೆಗಳನ್ನು ಅವಳ ಟೇಪು ಸುತ್ತಿ ಬಂತು. ಬೆರಳಿಗೆ ಏನೂ ತಾಗಲಿಲ್ಲ.

ಗಾಳಿ ತಣ್ಣಗಾದರೆ ಸಾಕು, 'ಅಲ್ಲಿ ಚಳಿ ಹೇಗಿದೆಯೋ... ಹೊಸ ಜಾಕೆಟ್ ಯಾರು ಸರಿಮಾಡಿಕೊಟ್ರೋ... ಎಡಗಡೆ ಜಾರಿದ್ರೆ?' ಎಂದು ಜೀವ ಹಿಡಿಯಾಗುತ್ತಿತ್ತು. ಮೇಲಿನ ಹಲಗೆಯಲ್ಲಿ ಮಡಿಸಿಟ್ಟ ಹಳೆಯ ಜಾಕೆಟಿನ ಧೂಳು ಒರೆಸುವುದು ಅವಳಿಗೊಂದು ನೇಮವಾಯಿತು.

ಸುಳ್ಳು ಠಾಣೆಯಲ್ಲಿ ಟೀಚರಮ್ಮ ಬೈದರು. "ಏನಮ್ಮಾ ನಿನ್ನ ಕತೆ? ಉಪ್ಪಿಲ್ಲ, ಹುಳಿಯಿಲ್ಲ! ಮೊದಲು ಎಷ್ಟು ಚಂದ ಹೇಳ್ತಿದ್ದೆ. ಆ ಹುಡುಗ ಎಲ್ಲಿ ಹೋದ?"

"ಗಡಿಗೆ, ಟೀಚರಮ್ಮ."

ಅವರು ಕನ್ನಡಕದ ಮೇಲಿಂದ ಅವಳನ್ನು ಬಹಳ ಹೊತ್ತು ನೋಡಿದರು. ಮತ್ತೆ ಕೇಳಲಿಲ್ಲ.

ಒಂದು ಮಧ್ಯಾಹ್ನ ಅವಳು ತಲೆ ತಗ್ಗಿಸಿ ಬೂಟಿನ ಚೀಲ ಹೊಲಿಯುತ್ತಿದ್ದಳು. ಕೌಂಟರಿನ ಮೇಲೆ ಧೊಪ್ಪನೆ ಏನೋ ಬಿತ್ತು. ಹೊಸ ಜಾಕೆಟ್.

"ಇದು ಜಾರುತ್ತೆ," ಎಂದಿತು ಆ ದನಿ.

ಅವಳು ತಲೆಯೆತ್ತಿದಳು. ಬಿಸಿಲಿಗೆ ಕಂದಿದ ಮುಖ. ರಜೆಯ ಮೇಲೆ ಬಂದವನ ಧೂಳು ತುಂಬಿದ ಬೂಟು.

ಅವಳ ಕೈ ತಾನಾಗಿಯೇ ಸೂಜಿಯ ಡಬ್ಬಿಯತ್ತ ಹೋಯಿತು. ಅತ್ತಿಗೆ ಆ ಡಬ್ಬಿಯನ್ನು ಮೆತ್ತಗೆ ಎಳೆದುಕೊಂಡು, "ಒಲೆ ಮೇಲೆ ಹಾಲಿದೆ," ಎಂದು ಹೊರಟಳು. ಆ ಕೋಣೆಯಲ್ಲಿ ಒಲೆಯೇ ಇರಲಿಲ್ಲ!

"ಯಾವ ಕಡೆ ಜಾರುತ್ತೆ?" ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಎಡಗಡೆ. ದಿನಾ ಎಳ್ಕೊಂಡು ಎಳ್ಕೊಂಡು ಸಾಕಾಯ್ತು. ಕೊನೆಗೆ ಠಾಣೆಗೆ ಬರೋ ಮುದುಕ ದರ್ಜಿ ಬೈದ. 'ಜಾಕೆಟ್ ಸರಿಯಾಗಿದೆ ಕಣಯ್ಯಾ, ನಿನ್ನ ಎಡ ಭುಜ ತಗ್ಗು. ಹುಟ್ಟಿದಾಗಿಂದ ಯಾರೂ ಹೇಳ್ಲಿಲ್ವಾ?' ಅಂದ." ಅವನು ಅವಳನ್ನೇ ನೋಡಿದ. "ಒಬ್ಬರು ಹೇಳಿದ್ರು. ಇಡೀ ಹಜಾರದ ಮುಂದೆ ಹೇಳಿದ್ರು. ನಾನೇ ದಡ್ಡ... ಆ ಪುಣ್ಯವಂತನ ಮೇಲೆ ಹೊಟ್ಟೆಕಿಚ್ಚು ಪಟ್ಕೊಂಡು ಹೋದೆ!"

ಅವಳ ಕಣ್ಣು ತುಂಬಿ ಬಂತು. ಎದ್ದು, ಸ್ಟೂಲು ಹತ್ತಿ, ಮೇಲಿನ ಹಲಗೆಯಿಂದ ಹಳೆಯ ಜಾಕೆಟ್ ತೆಗೆದು ಅವನ ಮುಂದಿಟ್ಟಳು. ಅವನು ಎಡಪಟ್ಟಿಯೊಳಗೆ ಬೆರಳು ಹಾಕಿದ. ಮೆತ್ತೆ ಸಿಕ್ಕಿತು. ಆ ಬೆರಳು ಅಲ್ಲೇ ನಿಂತಿತು.

"ಇದನ್ನ ಬಿಚ್ಚಲೇ ಇಲ್ವಾ?"

"ಮನಸ್ಸು ಬರಲಿಲ್ಲ."

ಅವನು ಬೆನ್ನು ನೆಟ್ಟಗೆ ಮಾಡಿ, ಠಾಣೆಯ ಗಟ್ಟಿ ದನಿ ತಂದುಕೊಂಡ.

"ಎಲ್ಲಿಗೆ ಹೊರಟಿದೀರಿ?"

"ಎಲ್ಲಿಗೂ ಇಲ್ಲ. ಇಲ್ಲೇ ಕಾಯ್ತಿದ್ದೆ."

"ಯಾರಿಗೆ?"

ಅವಳು ಈ ಸಲ ಕಣ್ಣು ತಗ್ಗಿಸಲಿಲ್ಲ.

"ಕುದುರೆ ವ್ಯಾಪಾರಿಗೆ."

ಅವನು ಒಂದು ಚಣ ನೆಲ ನೋಡಿದ. ಆಮೇಲೆ ನಕ್ಕ. ಅವಳು ಅಷ್ಟು ಕಾಲ ಕಾದಿದ್ದ ಅದೇ ನಗು!

"ಆವತ್ತೇ ಬಿಡಿಸಿ ಹೇಳಬಾರದಿತ್ತಾ?"

"ಎಷ್ಟೊಂದು ಸಲ ಹೇಳಿದೀನಿ. ನಿಮಗೇ ಕೇಳಿಸಲಿಲ್ಲ."

"ಯಾವಾಗ ಹೇಳಿದ್ರಿ?"

"ಇಡೀ ಕೇಂದ್ರ ನಿಮ್ಮನ್ನ ಅಣ್ಣ ಅಂತಿತ್ತು," ಎಂದಳು ಅವಳು, ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ. "ನಾನು ಒಂದು ದಿನವಾದ್ರೂ ಅಂದಿದ್ದು ಕೇಳಿದೀರಾ?"